ಹುಲಿಮುಖದ ಮನೆಯ ಹಿಂದಿನ ಅಗಲ

ತ್ರಿವೇಣಿ ಆರು ವರ್ಷ ಒಂದೇ ಒಂದು ಮಾತಿಗಾಗಿ ಕಾದಿದ್ದಳು. ಅವಳ ಭಾವ ಬಸವಲಿಂಗ ನಾಲ್ಕು ಮಂದಿಯ ಎದುರು ನಿಂತು, ತನ್ನ ಬಾಯಿಂದ ತಾನೇ, ತ್ರಿವೇಣಿಯ ಮನೆ ಯಾರನ್ನೂ ತಿಂದಿಲ್ಲ, ನಾನು ಹೇಳಿದ್ದು ಸುಳ್ಳು ಅನ್ನಬೇಕು. ಕ್ಷಮೆ ಬೇಕಿರಲಿಲ್ಲ. ಕಾಲಿಗೆ ಬೀಳುವುದಂತೂ ಬೇಡವೇ ಬೇಡ. ಆ ಬಾಯಿಂದ ಹೊರಗೆ ಬಿದ್ದದ್ದನ್ನು ಆ ಬಾಯೇ ಮತ್ತೆ ನುಂಗಬೇಕು, ಅಷ್ಟೇ.

ಅವನು ಆ ಮಾತು ಆಡಿದ್ದಾದರೂ ಎಂಥ ಹೊತ್ತಿನಲ್ಲಿ ಅಂತೀರಿ! ತ್ರಿವೇಣಿಯ ಗಂಡ ಶಿವರಾಜ ಖಡಕಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದವನು. ಒಂದು ಭಾನುವಾರ ಬೆಳಿಗ್ಗೆ ಧನಕವಡಿಯ ತನ್ನ ಮನೆಯ ನಡುಕೋಣೆಯಲ್ಲಿ ದಾಡಿ ಮಾಡಿಕೊಳ್ಳುತ್ತಾ ಕುಸಿದು ಕೂತವನು ಮೇಲೇಳಲಿಲ್ಲ. ನಲವತ್ಮೂರು ವರ್ಷ. ಹತ್ತನೆಯ ದಿನದ ಶಿವಗಣಾರಾಧನೆಗೆ ವಿಜಯಪುರ, ಜಮಖಂಡಿ ಕಡೆಯ ನೆಂಟರೆಲ್ಲ ಬಂದು, ಉಂಡು ಎಲೆ ಅಡಿಕೆ ಹಿಡಿದು ಅಂಗಳದಲ್ಲಿ ಕೂತಿದ್ದಾಗ ಬಸವಲಿಂಗ ಒಬ್ಬ ವಾಸ್ತು ಪಂಡಿತನನ್ನು ಕರೆದುಕೊಂಡು ಬಂದ. ಹೆಸರು ರಾಮಲಿಂಗಪ್ಪ. ಆ ಮನುಷ್ಯ ಚಪ್ಪಲಿಯನ್ನೂ ಬಿಡಲಿಲ್ಲ, ಒಳಗೂ ಬರಲಿಲ್ಲ. ಗೇಟಿನಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಪಕ್ಕದ ಗೋಡೆಯ ಉದ್ದಕ್ಕೂ ಹಿಂದಿನವರೆಗೆ ನೋಡಿದ.

"ಮುಂದ ಅಗಲ, ಹಿಂದ ಇಕ್ಕಟ್ಟು. ವ್ಯಾಘ್ರಮುಖಿ ಅದರೀ ಇದು. ಯಜಮಾನನ್ನ ಬಿಡಂಗಿಲ್ಲ" ಅಂದ.

ಮುಂದೆ ಕಿರಿದಾಗಿ ಹಿಂದೆ ಹಿಗ್ಗುವ ಜಾಗ ಗೋಮುಖಿ, ಮನೆಗೆ ಶುಭ. ಮುಂದೆ ಅಗಲವಾಗಿ ಹಿಂದೆ ಸೊರಗುವ ಜಾಗ ವ್ಯಾಘ್ರಮುಖಿ, ಅಂಗಡಿಗಾದರೆ ನಡೆದೀತು, ಸಂಸಾರಕ್ಕೆ ಕೇಡು. ಇದನ್ನು ನಂಬದ ಮನೆ ಆ ನೆಂಟರಲ್ಲಿ ಒಂದೂ ಇರಲಿಲ್ಲ. ಗೇಟಿನಿಂದ ನೋಡಿದರೆ ತ್ರಿವೇಣಿಯ ಹಿತ್ತಿಲು ಇಕ್ಕಟ್ಟಾಗಿ ಕಾಣುತ್ತಿದ್ದದ್ದೂ ನಿಜ. ಶಿವರಾಜ ಅಡುಗೆಮನೆಯನ್ನು ಪಕ್ಕಕ್ಕೆ ಚಾಚಿ ಕಟ್ಟಿದ್ದ, ಅದರ ಹಿಂದೆ ನೀರಿನ ಟಾಕಿ, ಅದರಾಚೆ ಮಳೆನೀರು ಹರಿಯುವ ನಾಲಾದವರೆಗೆ ಆಳೆತ್ತರದ ಜಾಲಿ. ಆ ಮುಳ್ಳಿನೊಳಗೆ ಜಾಗ ಎಷ್ಟಿದೆ ಎಂದು ಯಾರೂ ಹೋಗಿ ನೋಡಿದವರಲ್ಲ.

ಬಸವಲಿಂಗ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ನಾ ಅವತ್ತ ಬಡಕೊಂಡೆ, ಇಲ್ಲಿ ಮನಿ ಬ್ಯಾಡಂತ. ಇಕಿ ಹಟಾ ಹಿಡದು ಕಟ್ಟಿಸಿದ್ಲು. ನನ್ನ ತಮ್ಮನ್ನ ಹುಲಿ ಬಾಯಾಗ ಇಟ್ಟಾಕಿ ಇಕೀನ."

ಅವನು ಬಡಿದುಕೊಂಡಿರಲಿಲ್ಲ, ಇವಳು ಹಟ ಹಿಡಿದಿರಲಿಲ್ಲ. ತಮ್ಮ ಸತ್ತ ಸಂಕಟಕ್ಕೆ ಯಾರ ಮೇಲಾದರೂ ಹಾಯಬೇಕಿತ್ತೋ ಏನೋ. ಹಾಗೆಂದು ವಿಚಾರ ಮಾಡುವಷ್ಟು ದೊಡ್ಡ ಮನಸ್ಸು ತ್ರಿವೇಣಿಗೆ ಇರಲಿಲ್ಲ, ಯಾಕಿರಬೇಕು? ಗಂಡ ಹೋದ ಹತ್ತು ದಿನಕ್ಕೆ ಅವಳು ಗಂಡನನ್ನು ಹುಲಿಗೆ ಹಾಕಿದವಳಾದಳು. ಅರಿಷಿಣ ಕುಂಕುಮಕ್ಕೆ ಕರೆಯುವುದು ಹೇಗೂ ನಿಂತಿತ್ತು, ಈಗ ಅವಳ ಮನೆಗೆ ಬಂದವರು ಚಹಾ ಕುಡಿಯುವುದನ್ನೂ ಬಿಟ್ಟರು. ಹೊಸಲಿನಾಚೆ ನಿಂತು ಮಾತಾಡಿ ಹೋಗುತ್ತಿದ್ದರು.

ಅದನ್ನೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ನಾಲ್ಕು ವರ್ಷದ ಮೇಲೆ ಮಗಳು ರೇಣುವಿಗೆ ಸೊಲ್ಲಾಪುರದ ಕಡೆಯ ಗಂಡು ಗೊತ್ತಾಯಿತು. ಸೀರೆ ತಂದಾಗಿತ್ತು, ನಿಶ್ಚಯಕ್ಕೆ ಎಂಟು ದಿನವಿತ್ತು. ಅಷ್ಟರಲ್ಲಿ ಅವರ ಫೋನು ಬಂತು. "ತಪ್ಪ ತಿಳಕೋಬ್ಯಾಡ್ರಿ. ಹುಲಿಮುಖದ ಮನಿ ಹುಡುಗಿ ಬ್ಯಾಡಂತ ನಮ್ಮ ಹಿರ್ಯಾರು ಅಂತಾರ."

"ಹೋಗ್ಲಿ ಬಿಡವ್ವಾ. ಅಂಥಾ ಮಂದಿ ಮನ್ಯಾಗ ನಾ ಏನ್ ಬಾಳ್ವೆ ಮಾಡ್ತಿದ್ದೆ" ಎಂದು ರೇಣು ಮರುದಿನ ಎಂದಿನಂತೆ ಆಫೀಸಿಗೆ ಹೋದಳು. ತ್ರಿವೇಣಿ ಬಿಡಲಿಲ್ಲ. ಆ ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕುವಾಗ ಅವಳ ಹೊಟ್ಟೆಯಲ್ಲಿ ಬಿದ್ದ ಬೆಂಕಿ ಆಮೇಲೆ ಆರಲೇ ಇಲ್ಲ.

ತ್ರಿವೇಣಿ ಮನೆಯಲ್ಲೇ ಮಕ್ಕಳಿಗೆ ಗಣಿತದ ಟ್ಯೂಶನ್ ಹೇಳುತ್ತಿದ್ದಳು. ಸಂಬಂಧ ಮುರಿದ ಮೂರನೆಯ ತಿಂಗಳು, ಒಂದು ಮಧ್ಯಾಹ್ನ, ಬಸವಲಿಂಗನ ಮಗ ರೋಹಿತ ಒಂದಿಷ್ಟು ಕಾಗದ ಹಿಡಿದು ಬಂದ. ಅಪ್ಪನ ಹಾರ್ಡ್‌ವೇರ್ ಅಂಗಡಿ ಆಗಲೇ ಕೊಂಢವಾಕ್ಕೆ ಹೋಗಿತ್ತು. ಪಕ್ಕದ ಜಾಗದಲ್ಲಿದ್ದ ಹಳೆಯ ಅಂಗಡಿಯ ಶೆಡ್ಡು ಕೆಡವಿ ಎರಡು ಅಂತಸ್ತಿನ ಮನೆ ಕಟ್ಟುವವರಿದ್ದರು. ನೆರೆಯವಳೆಂದು ತ್ರಿವೇಣಿಯ ಒಪ್ಪಿಗೆಯ ಸಹಿ ಬೇಕಿತ್ತು.

"ಇಟ್ಟ ಹೋಗಪಾ, ಓದಿ ಮಾಡ್ತೀನಿ" ಅಂದಳು.

ಕಾಗದದ ನಡುವೆ ಎರಡೂ ಜಾಗದ ಹಳೆಯ ಸರ್ವೆ ನಕಾಶೆ ಇತ್ತು. ಇಪ್ಪತ್ತು ವರ್ಷದ ಕೆಳಗೆ ಅಣ್ಣ ತಮ್ಮ ಕೂಡಿ ಒಂದೇ ಜಾಗ ಕೊಂಡು ಸಮ ಪಾಲು ಮಾಡಿಕೊಂಡಿದ್ದರು. ನಕಾಶೆಯಲ್ಲಿ ಇಬ್ಬರದೂ ಎರಡು ಸಾವಿರದ ನೂರು ಚದರಡಿ. ರಸ್ತೆಯಿಂದ ನಾಲಾದವರೆಗೆ ನೇರ ಅಳೆದರೆ ಇಬ್ಬರಿಗೂ ಅರವತ್ತು ಅಡಿ ಉದ್ದ. ರಸ್ತೆಯ ಕಡೆ ಶಿವರಾಜನಿಗೆ ಮೂವತ್ತು ಅಡಿ, ಬಸವಲಿಂಗನಿಗೆ ನಲವತ್ತು. ನಾಲಾದ ಕಡೆಯ ಅಗಲ ಬರೆಯಬೇಕಾದಲ್ಲಿ ಇಬ್ಬರಿಗೂ ಬರೀ ಗೀಟು. ಪಾಲು ಸಮ ಬಂತಲ್ಲ ಎಂದೋ ಏನೋ ಸರ್ವೇದವನು ಅದನ್ನು ಬರೆಯದೆ ಬಿಟ್ಟಿದ್ದ.

ತ್ರಿವೇಣಿ ಆ ಗೀಟನ್ನೇ ನೋಡುತ್ತ ಕೂತಳು. ಆವತ್ತು ಮಕ್ಕಳಿಗೆ ಹೇಳಬೇಕಾದದ್ದೂ ತ್ರಾಪಿಜ್ಯದ ಪಾಠವೇ. ಎರಡು ಬದಿ ಸಮಾಂತರವಾಗಿದ್ದು ಒಂದು ಉದ್ದ, ಒಂದು ಗಿಡ್ಡ ಇರುವ ಆಕೃತಿ. ಹಲಗೆಯ ಮೇಲೆ ಸುಮ್ಮನೆ ಬರೆದಳು: ಮುಂದಿನ ಬದಿ ಮೂವತ್ತು, ನಡುವಿನ ಅಂತರ ಅರವತ್ತು, ಕ್ಷೇತ್ರಫಲ ಎರಡು ಸಾವಿರದ ನೂರು, ಹಿಂದಿನ ಬದಿ ಎಷ್ಟು?

ಮೊದಲು ಕೈ ಎತ್ತಿದವಳು ಅಪೂರ್ವ, ಮಂಡ್ಯದ ಕಡೆಯಿಂದ ಬಂದ ಐಟಿ ದಂಪತಿಯ ಮಗಳು. "ಆಂಟಿ, ಏರಿಯಾನ ಡಬಲ್ ಮಾಡಿದ್ರೆ ನಾಲ್ಕು ಸಾವಿರದ ಇನ್ನೂರು. ಅರವತ್ತರಿಂದ ಡಿವೈಡ್ ಮಾಡಿದ್ರೆ ಎಪ್ಪತ್ತು, ಅದು ಎರಡೂ ಸೈಡ್ ಸೇರಿ. ಮೂವತ್ತು ಕಳೆದ್ರೆ ನಲವತ್ತು ಬರುತ್ತೆ."

"ಇನ್ನೊಮ್ಮೆ ಹೇಳು" ಅಂದಳು ತ್ರಿವೇಣಿ.

"ನಲವತ್ತು ಆಂಟಿ. ಹಿಂದೇನೇ ಜಾಸ್ತಿ."

ಮುಂದೆ ಮೂವತ್ತು, ಹಿಂದೆ ನಲವತ್ತು. ಗೋಮುಖಿ! ಹುಲಿ ಎಲ್ಲಿತ್ತು? ಸೀಮೆಸುಣ್ಣ ಹಿಡಿದು ಅವಳೇ ಪಕ್ಕದ ಜಾಗದ ಲೆಕ್ಕ ಹಾಕಿದಳು. ಅದೇ ಎಪ್ಪತ್ತು, ಅದರಲ್ಲಿ ಮುಂದಿನ ನಲವತ್ತು ಕಳೆದರೆ ಹಿಂದೆ ಉಳಿಯುವುದು ಮೂವತ್ತು. ಹುಲಿ ಇದ್ದದ್ದೇ ಆದರೆ ಅದು ಬಸವಲಿಂಗನ ಜಾಗದಲ್ಲಿತ್ತು. ಅದನ್ನು ತಂದು ಕಟ್ಟಿಕೊಂಡವನೂ ಅವನೇ. ಪಾಲಿನ ದಿನ, ಅಂಗಡಿಗೆ ಅಗಲವಾದ ಮುಖ ಬೇಕೆಂದು ನನಗೇ ನಲವತ್ತು ಅಂದಿದ್ದ. ಶಿವರಾಜ ಆಗಲಿ ಅಣ್ಣಾ ಅಂದಿದ್ದ. ಮುಂದೆ ಹತ್ತಡಿ ಹೆಚ್ಚು ಹೋದದ್ದಕ್ಕೆ ಸರ್ವೇದವನು ನಡುವಿನ ಗೆರೆಯನ್ನು ಓರೆಯಾಗಿ ಎಳೆದು ಹಿಂದೆ ಹತ್ತಡಿ ತಮ್ಮನಿಗೆ ಕೊಟ್ಟು ಸರಿದೂಗಿಸಿದ್ದ. ಬಸವಲಿಂಗ ಮುಂದಿನ ನಲವತ್ತು ಕಂಡು ಹಿಗ್ಗಿ ಸಹಿ ಹಾಕಿದವನು ಹಿಂದಿನದನ್ನು ಕೇಳಲೇ ಇಲ್ಲ.

ಸಂಜೆ ರೇಣು ಬಂದದ್ದೇ ಅವಳ ಕೈಗೆ ಟೇಪು ಕೊಟ್ಟು, ತಾನು ಕುಡುಗೋಲು ಹಿಡಿದು ತ್ರಿವೇಣಿ ಹಿತ್ತಿಲಿಗೆ ಇಳಿದಳು. ಮುಳ್ಳು ತರಚಿ ಮೊಳಕೈಯಿಂದ ರಕ್ತ ಬಂತು. ತನ್ನ ಆಚೆ ಮೂಲೆಯಿಂದ ಸರಿಯಾಗಿ ನಲವತ್ತನೆಯ ಅಡಿಗೆ ಮಣ್ಣು ಕೆದರಿದರೆ ಗಡಿಗೆ ನೆಟ್ಟ ಸರ್ವೆಯ ಹದ್ದುಗಲ್ಲು, ಬಾಣದ ಗುರುತಿನ ಸಮೇತ. ತ್ರಿವೇಣಿ ಆ ಕಲ್ಲಿನ ಮುಂದೆ ಕೂತು ನಕ್ಕಳು. ರೇಣುವಿಗೆ ಹೆದರಿಕೆಯಾಗುವಷ್ಟು ನಕ್ಕಳು.

"ನಾಳೆ ಬೆಳಿಗ್ಗೆನ ಹೋಗಿ ದೊಡ್ಡಪ್ಪಗ ಹೇಳವ್ವಾ. ಕಟ್ಟೂಕಿಂತ ಮುಂಚೆ ತಿಳೀಲಿ" ಅಂದಳು ರೇಣು.

"ಕಟ್ಟಲಿ."

"ಅವ್ವಾ!"

"ಕಟ್ಟಲಿ ಅಂದೆನಲ್ಲ. ಬುನಾದಿ ಹಾಕಲಿ, ಸ್ಲ್ಯಾಬ್ ಹಾಕಲಿ, ಬಣ್ಣಾ ಬಳೀಲಿ. ಖಾಲಿ ಜಾಗದ ಮ್ಯಾಲ ನಿಂತ ಮನಶ್ಯಾಗ ಹೇಳಿದ್ರ ಜಾಗಾ ಮಾರಿ ಹೋಗ್ತಾನ. ಮನಿ ಆಗಲಿ, ಮಂದಿ ಕೂಡ್ಲಿ. ನನಗ ಹೆಂಗ ಮಂದಿ ಮುಂದ ಹೇಳಿದ್ನೊ, ಹಂಗ."

"ನನ್ನ ಸಲವಾಗಿ ಇದನ್ನ ಮಾಡಬ್ಯಾಡ. ನನಗ ಬೇಕಾಗಿಲ್ಲ."

"ನಿನ್ನ ಸಲವಾಗಿ ಅಲ್ಲ, ನನ್ನ ಸಲವಾಗಿ" ಅಂದಳು ತ್ರಿವೇಣಿ. ಅರ್ಧ ಸುಳ್ಳು, ಅರ್ಧ ನಿಜ.

ಮರುದಿನ ಸಹಿ ಮಾಡಿದಳು. ಆಮೇಲೆ ಒಂದೂವರೆ ವರ್ಷ ಕಣ್ಣಲ್ಲಿ ಕಣ್ಣಿಟ್ಟು ಆ ಮನೆ ಏಳುವುದನ್ನು ನೋಡಿದಳು. ಬಾಯಿಗೆ ಹಾಕಿದ ಬೀಗ ತೆಗೆಯಲಿಲ್ಲ. ಶೆಡ್ಡು ಕೆಡವಿದ ದಿನ ರಾಮಲಿಂಗಪ್ಪ ಮತ್ತೆ ಬಂದು, ಮತ್ತೆ ಗೇಟಿನಲ್ಲೇ ನಿಂತು ಒಂದು ಕಣ್ಣು ಮುಚ್ಚಿದ. ಆ ಕಡೆ ಏನೂ ಕಟ್ಟಿರಲಿಲ್ಲವಾದ್ದರಿಂದ ಹಿತ್ತಿಲು ಜಾಲಿಯವರೆಗೂ ಬಯಲಾಗಿ, ಅಗಲವಾಗಿ ಕಂಡಿತು. "ಪಕ್ಕಾ ಗೋಮುಖಿ!" ಅಂದ. ಮನೆ ಮುಂದಿನ ಅರ್ಧ ಜಾಗದಲ್ಲೇ ಮುಗಿಯುತ್ತಿತ್ತು, ಹಿಂದಿನ ಜಾಲಿಗೆ ಯಾರೂ ಕೈ ಹಚ್ಚಲಿಲ್ಲ. ಮೊದಲ ಸ್ಲ್ಯಾಬ್ ಬಿದ್ದಾಗ ಬಸವಲಿಂಗ ಪೇಢೆ ಕಳಿಸಿದ, ತ್ರಿವೇಣಿ ತಿಂದಳು. ಎರಡನೆಯ ಸ್ಲ್ಯಾಬಿಗೂ ಪೇಢೆ ಬಂತು, ಅದನ್ನೂ ತಿಂದಳು. ಹೊಸ ಮನೆಯ ಗೋಡೆ ಒಂದೊಂದು ಅಡಿ ಮೇಲೆದ್ದ ಹಾಗೆ ಅವಳಿಗೆ ಒಂದೊಂದು ತುತ್ತು ಅನ್ನ ಹೆಚ್ಚು ಸೇರಹತ್ತಿತು.

ಗೃಹಪ್ರವೇಶದ ಬೆಳಿಗ್ಗೆ ಕಾತ್ರಜದ ಗೌಳಿಯಿಂದ ಬಾಡಿಗೆಗೆ ಆಕಳು ತಂದಿದ್ದರು. ಹೊಸ ಫರಸಿಯ ಮೇಲೆ ಕಾಲು ಜಾರಿ ಅದು ಒಳಗೆ ಹೋಗಲು ಒಲ್ಲೆ ಅಂದಿತು, ನಾಲ್ಕು ಜನ ದಬ್ಬಿ ಒಳಗೆ ಹಾಕಿದರು. ಪೂಜೆ ಮುಗಿದು ಮಂದಿ ಪಡಸಾಲೆಯಲ್ಲಿ ಕೂತಿದ್ದರು, ಅದೇ ವಿಜಯಪುರ, ಅದೇ ಜಮಖಂಡಿಯ ನೆಂಟರು. ರಾಮಲಿಂಗಪ್ಪನಿಗೆ ಶಾಲು ಹೊದಿಸಿದ್ದರು. ತ್ರಿವೇಣಿ ರೇಣುವಿನ ಜೊತೆ ಬಂದು ಉಡುಗೊರೆ ಕಾಗದದಲ್ಲಿ ಸುತ್ತಿದ ದೊಡ್ಡ ಚೌಕಟ್ಟನ್ನು ಬಸವಲಿಂಗನ ಕೈಗೆ ಕೊಟ್ಟಳು.

"ಏನವಾ ಟೀಚರ್, ಭಾಳ ದೊಡ್ಡ ಕಾಣಿಕಿ ತಂದಿ?"

"ನಿಮ್ಮ ಜಾಗದ ನಕಾಶೆ ರೀ ಭಾವಾರ. ಚಂದ ಬರಸಿ ಫ್ರೇಮ್ ಹಾಕಿಸೇನಿ. ಒಂದು ಅಳತಿ ಅಷ್ಟ ಖಾಲಿ ಬಿಟ್ಟೇನಿ, ಯಜಮಾನ್ರ ಬಾಯಿಂದ ಕೇಳಿ ಬರೀಬೇಕಂತ."

ಬಸವಲಿಂಗನ ಮುಖ ಅರಳಿತು. ಕಾಗದ ಹರಿದು, ಕನ್ನಡಕ ಏರಿಸಿ, ದೊಡ್ಡ ದನಿಯಲ್ಲಿ ಓದಿದ. "ಮುಂದ ನಲವತ್ತು. ಉದ್ದ ಅರವತ್ತು. ಒಟ್ಟು ಎರಡು ಸಾವಿರದ ನೂರು ಚದರಡಿ. ಹಿಂದ... ಹಾಂ, ಇದ ಖಾಲಿ. ಐವತ್ತು ಅಂತ ಬರಿ! ಗೋಮುಖಿ ಅಲ್ಲೇನು? ಏನ್ರಿ ರಾಮಲಿಂಗಪ್ನೋರ?"

"ಐವತ್ತಕ್ಕ ಕಡಿಮಿ ಇಲ್ರಿ" ಎಂದ ರಾಮಲಿಂಗಪ್ಪ ಶಾಲು ಸರಿಮಾಡಿಕೊಂಡು.

"ಐವತ್ತು ಬರದ್ರ ಲೆಕ್ಕ ಕೂಡೂದಿಲ್ರಿ" ಅಂದಳು ತ್ರಿವೇಣಿ. "ರೋಹಿತಾ, ನೀ ಇಂಜಿನಿಯರಿಂಗ್ ಕಲಿತಾಂವ, ಬಾ ಇಲ್ಲಿ. ಮುಂದಿಂದು ಹಿಂದಿಂದು ಕೂಡಿಸಿ, ಅರ್ಧಾ ಮಾಡಿ, ಉದ್ದದಲೆ ಗುಣಿಸಿದ್ರ ಜಾಗಾ ಎಷ್ಟಂತ ಸಿಗತದ. ಹೌದಲ್ಲೊ? ಜಾಗಾ ಗೊತ್ತದ, ಉದ್ದ ಗೊತ್ತದ, ಮುಂದಿಂದು ಗೊತ್ತದ. ಹಿಂದಿಂದು ತಗದು ನಿಮ್ಮಪ್ಪಗ ಹೇಳು."

ರೋಹಿತ ಮೊಬೈಲು ತೆಗೆದ. "ಡಬಲ್ ಮಾಡಿದ್ರ ನಾಲ್ಕು ಸಾವಿರದ ಎರಡ್ನೂರು... ಅರವತ್ತರಲೆ ಭಾಗಿಸಿದ್ರ ಎಪ್ಪತ್ತು... ಎಪ್ಪತ್ತರಾಗ ನಲವತ್ತು ಹೋದ್ರ..." ಅಲ್ಲಿಗೆ ನಿಂತ. ಮತ್ತೊಮ್ಮೆ ಒತ್ತಿ ನೋಡಿದ.

"ಹೇಳಪಾ, ನಾಚಕೋಬ್ಯಾಡ."

"ಮೂವತ್ತು, ಕಾಕು."

ಮೂಲೆಯಿಂದ ಒಬ್ಬ ಮುದುಕ, "ಅಂದ್ರ ಮುಂದ ಅಗಲ, ಹಿಂದ ಇಕ್ಕಟ್ಟಾತಲ್ಲೊ" ಅಂದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬಸವಲಿಂಗನ ಹೆಂಡತಿ ಚನ್ನಬಸವ್ವ ಆರತಿ ತಟ್ಟೆಯನ್ನು ಕೆಳಗಿಟ್ಟಳು.

"ಸುಳ್ಳು ನಕಾಶೆ!" ಬಸವಲಿಂಗ ಕೂಗಿದ.

"ಹಳೇ ನಕಾಶೆ ಮ್ಯಾಲ ನಿಮ್ಮದ ಸಹಿ ಅದ. ಹಿತ್ತಲದಾಗ ಹದ್ದುಗಲ್ಲದ, ನಿಮ್ಮ ಆಚೀ ಮೂಲಿಯಿಂದ ಮೂವತ್ತನೇ ಅಡಿಗೆ. ಹೋಗಿ ಅಳದು ಬರ್ರಿ, ನಾವು ಕಾಯ್ತೀವಿ." ಅವಳು ಕುರ್ಚಿ ಎಳೆದು ಕೂತಳು. "ಅದ ಗೆರಿ ಈಚೆ ನಂದು. ಮುಂದ ಮೂವತ್ತು, ಹಿಂದ ನಲವತ್ತು. ಗೋಮುಖಿ ಮನಿ ನಂದು ಭಾವಾರ. ಹುಲಿ ನಿಮ್ಮದು."

ರೋಹಿತ ಹೋಗಿ ಬಂದ, ಪ್ಯಾಂಟಿಗೆ ಮುಳ್ಳು ಅಂಟಿಸಿಕೊಂಡು. ಹೌದೆಂದು ತಲೆ ಆಡಿಸಿದ. ರಾಮಲಿಂಗಪ್ಪ ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಯಾರದೋ ಫೋನು ಬಂದವನಂತೆ ಹೊರಗೆ ನಡೆದವನು ಮತ್ತೆ ಒಳಗೆ ಬರಲಿಲ್ಲ.

ತ್ರಿವೇಣಿ ಎದ್ದು ನಿಂತಳು. "ಈಗ ಎರಡರಾಗ ಒಂದು ಹೇಳ್ರಿ. ಹುಲಿ ಖರೇನ ಅದ ಅನ್ರಿ, ಹಂಗಂದ್ರ ನಿಮ್ಮ ಮಗನ್ನ ನೀವ ಅದರ ಬಾಯಾಗ ಇಟ್ಟಂಗಾತು. ಇಲ್ಲಾ, ಹುಲಿ ಇಲ್ಲ ಅನ್ರಿ. ಹಂಗಂದ್ರ ಆರು ವರ್ಷದ ಹಿಂದ ಈ ಮಂದಿ ಮುಂದನ ನನಗ ಏನಂದ್ರಿ, ಅದು ಸುಳ್ಳು ಅಂತ ಈ ಮಂದಿ ಮುಂದನ ಅನ್ರಿ."

ಬಸವಲಿಂಗ ಹೆಂಡತಿಯ ಕಡೆ ನೋಡಿದ, ಮಗನ ಕಡೆ ನೋಡಿದ. "ಇಲ್ಲ" ಅಂದ.

"ಕೇಳಸಲಿಲ್ರಿ."

"ಹುಲಿ ಇಲ್ಲ, ಗಿಲಿ ಇಲ್ಲ. ಯಾರ ಮನ್ಯಾಗೂ ಇಲ್ಲ. ನಾ ಅಂದದ್ದು ಸುಳ್ಳು. ಸಾಕೇನು?"

ಸಾಕು! ಸಾಕಾಗಿ ಮಿಕ್ಕಿತು. ತ್ರಿವೇಣಿ ಅಲ್ಲೇ ಪಂಕ್ತಿಯಲ್ಲಿ ಕೂತು ಉಂಡಳು, ಹೋಳಿಗೆ ಎರಡು ಸಲ ಕೇಳಿ ಹಾಕಿಸಿಕೊಂಡಳು, ಮೇಲೆ ತುಪ್ಪ ಸುರಿಸಿಕೊಂಡಳು. ಜಮಖಂಡಿಯ ಹೆಂಗಸರು ತಾವಾಗಿ ಬಂದು ಪಕ್ಕದಲ್ಲಿ ಕೂತು ರೇಣುವಿನ ಸಂಬಳ, ಆಫೀಸು ಎಂದೆಲ್ಲ ವಿಚಾರಿಸಿದರು. ರೇಣು ಮಾತ್ರ ಎಲೆಯ ಮುಂದೆ ತಲೆ ತಗ್ಗಿಸಿ ಕೂತವಳು ಸರಿಯಾಗಿ ಉಣ್ಣಲಿಲ್ಲ.

ಬಸವಲಿಂಗನ ಬಾಯಿ ಹುಲಿ ಇಲ್ಲ ಅಂದಿತ್ತು, ಎದೆ ಅನ್ನಲಿಲ್ಲ. ಚನ್ನಬಸವ್ವನಂತೂ ಆ ಮನೆಯಲ್ಲಿ ಒಲೆಯನ್ನೇ ಹೊತ್ತಿಸಲಿಲ್ಲ. "ನನ್ನ ಮಗ ಇಲ್ಲಿ ಮಲಗೂದಿಲ್ಲ" ಎಂದು ಅವತ್ತೇ ಸಂಜೆ ಕೊಂಢವಾದ ಬಾಡಿಗೆ ಮನೆಗೆ ಗಂಟು ಕಟ್ಟಿಸಿದಳು. ಎರಡು ಅಂತಸ್ತಿನ ಮನೆಗೆ, ಬಾಗಿಲ ತೋರಣ ಒಣಗುವ ಮೊದಲೇ, ಬೀಗ ಬಿತ್ತು. ಆಮೇಲೆ ಬಸವಲಿಂಗ ದಿನಾ ಬೆಳಿಗ್ಗೆ ಒಬ್ಬನೇ ಬರತೊಡಗಿದ. ಆಳು ಹಚ್ಚಿ ಜಾಲಿ ಕಡಿಸಿದ, ನಾಲಾದ ದಂಡೆಗುಂಟ ಟೇಪು ಹಿಡಿದು ಅಳೆದ. ಮೂವತ್ತು. ಬೇರೆ ಟೇಪು ತಂದ. ಮೂವತ್ತು. ತ್ರಿವೇಣಿ ಚಹಾದ ಬಸಿ ಹಿಡಿದು ಹಿತ್ತಿಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಅಯ್ಯೋ ಪಾಪ ಅನ್ನಿಸಿತೇ ಎಂದರೆ, ಇಲ್ಲ. ಇನ್ನೊಮ್ಮೆ ಅಳೆಯಲಿ ಅನ್ನಿಸುತ್ತಿತ್ತು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನು ನಡುವಿನ ಮೋಟು ಗೋಡೆಯ ಹತ್ತಿರ ಬಂದು ನಿಂತ. ಗಡ್ಡ ಬೆಳೆದಿತ್ತು, ಅಂಗಿ ಹೆಗಲಿನಿಂದ ಜೋಲುತ್ತಿತ್ತು.

"ತ್ರಿವೇಣಿ, ಒಂದು ಮಾತು ಕೇಳ್ತೀನಿ, ಇಲ್ಲ ಅನಬ್ಯಾಡ. ನನ್ನ ಹೊಸಾ ಮನಿ ನೀ ತಗೋ. ಎರಡೂ ಮಜಲಿ ತಗೋ. ನಿನ್ನ ಹಳೇ ಮನಿ ನನಗ ಕೊಡು. ನೀ ಕಲತಾಕಿ, ನಿನಗ ಹುಲಿ ಗಿಲಿ ನಂಬಿಗಿ ಇಲ್ಲ. ನಾವು ನಂಬೂ ಮಂದಿ. ನಿನ್ನ ಆಕಳ ಮನ್ಯಾಗ ನನ್ನ ಮಗಾ ಬದುಕಲಿ ತಂಗಿ, ಕೈ ಮುಗೀತೀನಿ."

ಇವಳನ್ನು ಹುಲಿಯ ಬಾಯಲ್ಲಿ ನಿಲ್ಲಿಸಿದ್ದವನು ಇವಳ ಮನೆಯನ್ನೇ ಬೇಡುತ್ತಿದ್ದಾನೆ! ತ್ರಿವೇಣಿ ನಗಲೆಂದು ಬಾಯಿ ತೆರೆದಳು. ನಗೆ ಬರಲಿಲ್ಲ. ಎರಡು ವರ್ಷದಿಂದ ಆ ನಲವತ್ತನ್ನು ಕೈಯಲ್ಲಿ ಹಿಡಿದುಕೊಂಡು ತಿರುಗಿದ್ದಳು, ಸಿಟ್ಟಿನ ಭರದಲ್ಲಿ ಅವಳಿಗೆ ಒಮ್ಮೆಯೂ ಹೊಳೆಯದೇ ಇದ್ದದ್ದು ಈಗ ತಾನಾಗಿ ಹೊರಗೆ ಬಂತು.

"ಇದು ಆಕಳ ಮನಿ ಅಂದ್ರ, ಇದರಾಗ ನಿಮ್ಮ ತಮ್ಮ ಯಾಕ ಸತ್ತಾ ಭಾವಾರ?"

ಬಸವಲಿಂಗ ಅವಳನ್ನೇ ನೋಡಿದ. ಆಮೇಲೆ ಗೋಡೆ ಹಿಡಿದು ಹಾಗೇ ಕೆಳಗೆ ಕೂತ. "ಶಿವೂ" ಅಂದ. ಆರು ವರ್ಷದಲ್ಲಿ ಅವನ ಬಾಯಿಂದ ತಮ್ಮನ ಹೆಸರು ಹೀಗೆ ಬಂದದ್ದು ಇದೇ ಮೊದಲು. "ಶಿವೂ, ಏ ಶಿವೂ" ಎಂದು ಕೂಸಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ತ್ರಿವೇಣಿ ಕೈ ಚಾಚಲಿಲ್ಲ.

"ಅಳ್ರಿ" ಅಂದಳು. "ಅವತ್ತ ಅಳಬೇಕಾಗಿತ್ತು ನೀವು. ಹುಲಿ ಹುಡುಕ್ಕೋತ ಹೋದ್ರಿ. ನಾ ಒಬ್ಬಾಕೀನ ಅತ್ತೆ."

ಅವನು ಅಳು ಮುಗಿಸಿ, ಟೇಪು ಎತ್ತಿಕೊಂಡು, ಗೋಡೆ ಹಿಡಿದು ಎದ್ದು ಹೋಗುವವರೆಗೂ ಅವಳು ಈಚೆ ಕಡೆ ನಿಂತು ನೋಡಿದಳು.